ಸುಣ್ಣ ಹಚ್ಚಿದ ಬಿರುಕು

...ಒಮ್ಮಿಗೇ ಬಿಡಲಿಲ್ಲವಾ ಮೊಮ್ಮಗಳ, ಆ ಬಿರುಕು. ಮೊದಲ ಅಡಗಿಮನಿ ಗೋಡ್ಯಾಗ ಕೂದಲೆಳಿ ಅಷ್ಟ ಇತ್ತು. ಊರ ಹಿಂದಿನ ಗುಡ್ಡದಾಗ ಕ್ವಾರಿ ಚಾಲೂ ಆಗಿತ್ತು, ದಿನಾ ಮಧ್ಯಾಹ್ನ ಕಲ್ಲು ಒಡ್ಯಾಕ ಮದ್ದು ಹಾರಸ್ತಿದ್ರು. ಹಾರಸೂಕಿಂತ ಮುಂಚೆ ಸೀಟಿ ಊದ್ತಿದ್ರು ನೋಡು, ಸೀಟಿ ಕೇಳಿದ್ರ ಸಾಕು, ನಿಮ್ಮಾಯಿ ಹಲಿಗಿ ಮ್ಯಾಲಿನ ಹಿತ್ತಾಳಿ ಭಾಂಡಿ ಎಲ್ಲಾ ಇಳಿಸ್ಕೊಂಡು ಅಂಗಳಕ್ಕ ಓಡಾಕಿ. ಢಂ ಅಂದ ಮ್ಯಾಲ ಮತ್ತ ಒಳಗ ಒಯ್ದು ಜೋಡಸಾಕಿ. ದಿನಾ ಇದ ಕೆಲಸ. ಬಾಜೂ ಮನಿ ತಗಡು ತೂತು ಮಾಡಿ ಒಂದು ಕಲ್ಲು ಎಮ್ಮಿ ಮುಂದ... ಎಮ್ಮಿ ಅಲ್ಲ, ಆಕಳ ಮುಂದ ಬಿದ್ದಿತ್ತು. ಇರ್ಲಿ, ಅದ ಬ್ಯಾರೆ ಮಾತು.

ಎಲ್ಲಾರೂ ಕೂಡಿ ಗದಗಕ್ಕ ಹೋಗಿ ಗಣಿ ಆಫೀಸಿನಾಗ ಅರ್ಜಿ ಕೊಟ್ವಿ. "ಸೋಮವಾರ ಬಂದು ಮನಿ ನೋಡ್ತೀವಿ, ಬಿರುಕು ಖರೆ ಇದ್ರ ಮದ್ದು ಹಾರಸೂದು ನಿಂದರಸ್ತೀವಿ" ಅಂದ್ರು. ಅಷ್ಟರಾಗ ಬಿರುಕಿನಾಗ ನನ್ನ ಬೆರಳು ಹೋಗ್ತಿತ್ತು. ಭಾನುವಾರ ನಿಮ್ಮಾಯಿ ಸೊಂಟಕ್ಕ ಕೈ ಕೊಟ್ಟು ನಿಂತ್ಲು. "ಏನ್ರೀ, ನಾಳೆ ದೊಡ್ಡ ಸಾಹೇಬ್ರು ಬರ್ತಾರ. ಮನಿ ಹಿಂಗಿಟ್ರ ಏನಂದಾರು? ಹೆಸರಿಗೆ ಗೌಂಡಿ, ಮನಿ ನೋಡಿದ್ರ ಹಾಳು ಗುಡಿ!" ನಾನೂ ಹುರುಪಿಗೆ ಬಿದ್ದೆ. ಹಬ್ಬಕ್ಕ ಮಾಡ್ತೀವಲ್ಲ, ಹಂಗ ಮಣ್ಣು ಕಲಿಸಿ, ಬಿರುಕು ತುಂಬಿ, ಮ್ಯಾಲ ಸುಣ್ಣ ಹಚ್ಚಿದೆ. ನಾನೊಬ್ಬನ ಅಲ್ಲ, ಇಡೀ ಓಣಿ ಹಚ್ಚಿತು. ನಲವತ್ತು ವರ್ಷ ಗೋಡಿ ಕಟ್ಟಿದ ಕೈ ಇದು. ಮರುದಿನ ನನಗ ಬಿರುಕು ಸಿಗವಲ್ದು.

ಸಾಹೇಬ್ರು ಬಂದ್ರು. ಗೋಡಿ ಬಡದು ನೋಡಿದ್ರು. "ಅಜ್ಜಾರ, ಬಿರುಕು ಎಲ್ಲೈತ್ರಿ?"

"ಒಳಗೈತ್ರಿ ಸಾಹೇಬ್ರ. ನಿನ್ನೆ ಮುಚ್ಚೀನ್ರಿ."

"ತೋರಸೂದಿತ್ತು, ಮುಚ್ಚಿದ್ರ್ಯಾಕ?"

ನೀವು ಬರ್ತೀರಿ ಅಂತ ಮುಚ್ಚಿದೆ ಅನ್ನಾಕ ನಾಚಿಗಿ ಆತು. ಗಾರೆ ಹಚ್ಚೂ ಥಾಪಿ ತಗೊಂಡು ಕೆದರಿದೆ, ಹಸಿ ಮಣ್ಣು ಉದುರಿತು. ಅದನ್ನ ನೋಡಿ ಸಾಹೇಬ್ರು ನಕ್ರು. "ಇದು ಈಗ ನೀವ ಕೆದರಿ ಮಾಡಿದ ಬಿರುಕಲ್ಲೇನ್ರಿ, ಅಜ್ಜಾರ?" ಚಾ ಕುಡದ್ರು, ಮನಿ ಭಾಳ ಸ್ವಚ್ಛ ಐತಿ ಅಂತ ನಿಮ್ಮಾಯಿಗೆ ಹೇಳಿದ್ರು, ಗೋಡೆಗಳು ಸುಸ್ಥಿತಿಯಲ್ಲಿವೆ ಅಂತ ಬರಕೊಂಡು ಹೋದ್ರು.

ಹದಿನೈದು ದಿನಾನೂ ಆಗಿರಲಿಲ್ಲ, ಸೀಟಿ ಆತು, ಆಯಿ ಭಾಂಡಿ ತಗೊಂಡು ಹೊರಗ ಬಂದ್ಲು, ಢಂ ಅಂತು, ಆ ಗೋಡಿ ಪೂರಾ ಒಲಿ ಮ್ಯಾಲ ಕುಂತು ಬಿಡ್ತು. ಹಂಚಿನ ಮ್ಯಾಲ ರೊಟ್ಟಿ ಇತ್ತವಾ. ಭಾಂಡಿ ಆಸೆಗೆ ಉಳದ್ಲು ಆಕಿ, ತಿಳೀತಿಲ್ಲೋ? ಅಂಗಳದಾಗ ಕೊಡ ಅಪ್ಪಿಕೊಂಡು ಕುಂತು, "ಸುಣ್ಣ ಹಚ್ಚಂದಾಕಿ ನಾನ" ಅಂದ್ಲು. "ಹಚ್ಚಿದಾಂವ ನಾನು" ಅಂದೆ.

ಈ ತಗಡಿನ ಗೋಡಿ ಆಮ್ಯಾಲ ಹಾಕಿದ್ದು. ಸುಣ್ಣ ಹಚ್ಚಿಲ್ಲ. ನಾಳೆ ನಿಮ್ಮ ಮನಿಗೆ ಯಾರರ ನೋಡಾಕ ಬಂದ್ರ, ಮನಿ ಹೆಂಗೈತಿ ಹಂಗ ತೋರಸ್ರಿ, ನಾಚಬ್ಯಾಡ್ರಿ. ತಡಿ... ಸೀಟಿ ಅಲ್ಲೇನದು? ಏಳ್ರಿ, ಏಳ್ರಿ, ಅಂಗಳಕ್ಕ ನಡೀರಿ. ಭಾಂಡಿ ಬಿಡ್ರಿ, ಇರ್ಲಿ.