ಪೂಜೆ ಮಾಡಿದ ನಾಲ್ಕು ಸ್ವಿಚ್‌ಗಳ ವಿಷಯ

ನನ್ನ ಹೆಸರು ರುಹೀನಾ ಕೋಂ ತೌಸಿಫ್, ವಯಸ್ಸು 29, ನೆಟ್‌ವರ್ಕ್ ಕೆಲಸ, ಸ್ವಂತ ಊರು ಕೆರೆಬಿಳಚಿ, ಹಾಲಿ ವಾಸ ಚನ್ನಗಿರಿ. ಠಾಣೆಗೆ ಓಡಿ ಬಂದು ಹೇಳಿ ಬರೆಸುತ್ತಿರುವುದೇನೆಂದರೆ,

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಒಬ್ಬರೇ ಮಾಲೀಕರ, ಹೆಣ್ಣುಮಕ್ಕಳ ನಾಲ್ಕು ಖಾಸಗಿ ಹಾಸ್ಟೆಲ್‌ಗಳಿವೆ. ಅಲ್ಲಿನ ಕ್ಯಾಮೆರಾ ತಂತಿಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್‌ಗಳ ಕೆಲಸ ನಮ್ಮದು. ಮೊದಲು ಒಂದೊಂದಕ್ಕೂ ಅರ್ಧ ದಿನ ಕೂತು ಸೆಟ್ಟಿಂಗ್ ಮಾಡಬೇಕಿತ್ತು. ಈ ಸಲ ನಾನೇ ಪ್ರೋಗ್ರಾಂ ಬರೆದೆ. ವಾರ್ಡನ್ ಪ್ಲಗ್ ಹಾಕಿದರೆ ಸಾಕು, ಹೊಸ ಸ್ವಿಚ್ ನಮ್ಮ ಕಂಪ್ಯೂಟರಿನಿಂದ ಎಲ್ಲ ಸೆಟ್ಟಿಂಗನ್ನೂ ತಾನೇ ತೆಗೆದುಕೊಂಡು ನಾಲ್ಕು ನಿಮಿಷದಲ್ಲಿ ಸಿದ್ಧವಾಗುತ್ತದೆ. ಸ್ವಿಚ್ ಮೇಲಿನ ಸ್ಟಿಕರಿನ ನಂಬರಿನ ಕೊನೆಯ ಎಂಟು ಅಂಕಿಯೇ, ದೂರದಿಂದ ಕ್ಯಾಮೆರಾ ನೋಡಲು ಬೇಕಾದ ಪಾಸ್‌ವರ್ಡ್ ಆಗಲೆಂದು ಬರೆದವಳೂ ನಾನೇ. ಆಮೇಲೆ ಬದಲಿಸಿದರಾಯಿತು ಅಂದುಕೊಂಡೆ, ಬದಲಿಸಲಿಲ್ಲ.

ದಿನಾಂಕ 10-11-2025ರಂದು ನಾಲ್ಕೂ ಕಡೆ ಸ್ವಿಚ್ ಹಾಕಿದರು. ಹೊಸ ಯಂತ್ರವೆಂದು ವಾರ್ಡನ್‌ಗಳು ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರು. ಸ್ಟಿಕರಿನ ಅಂಕಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಾನೂ ನೋಡಿ ಕೈಮುಗಿದ ಚಿತ್ರ ಕಳಿಸಿದ್ದೆ. ನನ್ನ ಬುದ್ಧಿಗೆ ಏನಾಗಿತ್ತೋ.

ಈ ದಿನ 13ರಂದು ಬೆಳಿಗ್ಗೆ 7-10ಕ್ಕೆ ನ್ಯಾಮತಿಯ ವಾರ್ಡನ್ ಕರಿಯಕ್ಕ ಫೋನ್ ಮಾಡಿದರು. ಕಾರಿಡಾರಿನ ಕ್ಯಾಮೆರಾದ ಸ್ಪೀಕರಿನಿಂದ ಗಂಡಸಿನ ಧ್ವನಿ ಬಂದು, ತಲೆ ಒರೆಸಿಕೊಳ್ಳುತ್ತಿದ್ದ ಹುಡುಗಿಗೆ, "ಮಮತಾ, ಕೂದ್ಲು ಬಿಟ್ರೇ ಚೆಂದ ಕಾಣ್ತೀಯ" ಎಂದಿತಂತೆ. ಹುಡುಗಿಯರೆಲ್ಲ ಒಂದೇ ರೂಮಿನಲ್ಲಿ ಚಿಲಕ ಹಾಕಿಕೊಂಡಿದ್ದಾರೆ, "ಏನ್ ಮಾಡಾಕೂ ಕೈಕಾಲೇ ಆಡವಲ್ದು ಕಣ್ರೀ" ಎಂದು ಕರಿಯಕ್ಕ ಅತ್ತರು. ಕೂಡಲೇ ಸ್ವಿಚ್ಚಿನ ಪ್ಲಗ್ ಕೀಳಿಸಿದೆ. ಕಂಪ್ಯೂಟರ್ ನೋಡಿದರೆ, ಮಂಗಳವಾರದಿಂದಲೇ ಯಾರೋ ನಾಲ್ಕೂ ಸ್ವಿಚ್‌ಗಳ ಒಳಹೊಕ್ಕು ನೋಡುತ್ತಿದ್ದರು.

7-22ಕ್ಕೆ ಹೊನ್ನಾಳಿಯದನ್ನು, 7-25ಕ್ಕೆ ಚನ್ನಗಿರಿಯದನ್ನು ಬಂದ್ ಮಾಡಿಸಿದೆ. 7-28ಕ್ಕೆ ಜಗಳೂರಿನ ವಾರ್ಡನ್ ಅಂಜಿನಮ್ಮ ಫೋನ್ ಎತ್ತಿದರು. ಪ್ಲಗ್ ಕೀಳಿರಿ ಎಂದೆ. "ಯಾಕ್ರೀ ಗಾಬರಿ ಆಗ್ತೀರಿ? ರಿಪೇರಿ ಮಾಡಾಕೆ ನಿಮ್ಮ ಆಫೀಸ್ನೋರು ಬಂದು ಮೇಲೆ ಹೋಗ್ಯಾರಲ್ಲ" ಎಂದರು. ನಮ್ಮ ಆಫೀಸಿನಲ್ಲಿ ನಾನು ಬಿಟ್ಟರೆ ನನ್ನ ಗಂಡ, ಅಷ್ಟೇ. ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ಮೊದಲು ಅವನನ್ನು ಹೊರಗೆ ಹಾಕಿರಿ ಎಂದು ಕಿರುಚಿದೆ. ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಮಾಡಿದರೂ ಎತ್ತಲಿಲ್ಲ.

ಠಾಣೆ ನಮ್ಮ ಮನೆಗೆ 300 ಮೀಟರ್, ಜಗಳೂರು ಸುಮಾರು ನೂರು ಕಿ.ಮೀ. 7-36ಕ್ಕೆ ಇಲ್ಲಿಗೆ ಬಂದೆ. ಜಗಳೂರು ಪೊಲೀಸರು ಹೊರಟಿದ್ದಾರೆಂದು ತಾವು ತಿಳಿಸಿದಿರಿ. ಆ ಹಾಸ್ಟೆಲ್‌ನಲ್ಲಿ ಇಪ್ಪತ್ತಾರು ಹೆಣ್ಣುಮಕ್ಕಳಿದ್ದಾರೆ. ತಪ್ಪು ನನ್ನದೆಂದು ಬರೆದುಕೊಳ್ಳಿರಿ, ಅವರಿಗೆ ಏನೂ ಆಗದಿರಲಿ.

ಇಷ್ಟು ಬರೆಸುವಾಗ 7-44ಕ್ಕೆ ಅಂಜಿನಮ್ಮನ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಗಂಡಸು. "ಮೇಡಂ, ನೀವು ಹೇಳಿದಂಗೇ ಪ್ಲಗ್ ಕಿತ್ತೀನಿ. ಇನ್ನು ಇಲ್ಲಿ ಏನ್ ನಡೆದ್ರೂ ಯಾರಿಗೂ ಕಾಣಲ್ಲ" ಎಂದು ಇಟ್ಟುಬಿಟ್ಟ.

ಓದಿ ಹೇಳಿದ್ದನ್ನು ಕೇಳಿದ್ದೇನೆ, ಎಲ್ಲವೂ ನಿಜ. ಸಹಿ ನನ್ನದೇ.

ಚನ್ನಗಿರಿ
13-11-2025, ಬೆಳಿಗ್ಗೆ 7-49

ಸಹಿ/- ರುಹೀನಾ