ಮುಖ ಹೊಂದಲಿಲ್ಲ

ತಿಂಗಳ ಕಡೀ ದಿನ. ರಾತ್ರಿ ಒಂಬತ್ತೂವರಿ ಆಗಿರಬೇಕು. ಪ್ರಮಿಳಾ ಒಬ್ಬಾಕಿನ ಹಳೇ ಬಾಂವಿ ಕಡಿ ನಡದಿದ್ಲು...

ಇದು ಯಾರೋ ಹೇಳಿದ್ದು ಯಾರೋ ಕೇಳಿದ್ದಲ್ರಿ. ಪ್ರಮಿಳಾ ಅಂದ್ರ ನಮ್ಮ ಬಾಜು ಮನಿಯಾಕಿ. ಪಾರಿಶ್ವಾಡದಾಗ ಮನಿ. ಅಲ್ಲಿಂದ ಎರಡು ಕಿಲೋಮೀಟರ್ ಒಳಗ ಒಂದು ಸಣ್ಣ ವಾಡಿ ಐತಿ, ಅಲ್ಲೆ ಅಂಗನವಾಡಿ ಕೆಲಸ. ಹದಿನೆಂಟು ವರ್ಷ ಆತು, ಅದ ದಾರಿ, ಅದ ಬಾಂವಿ. ಎಂದೂ ಅಂಜಿದಾಕಿ ಅಲ್ಲ.

ಅಷ್ಟೊತ್ತಿನ್ಯಾಗ ಅಲ್ಲಿಗೆ ಯಾಕ ಹೋದ್ಲು ಅಂದ್ರ, ತಿಂಗಳ ಲೆಕ್ಕ ಆ ವಾಡಿಯಿಂದನ ಕಳಿಸಬೇಕು, ಅಂಗನವಾಡಿಯಾಗ ಫೋನಿಗೆ ನೆಟ್ವರ್ಕ್ ಬಂದು ಬಂದು ಹೋಗ್ತೈತಿ, ಗಟ್ಟಿ ಸಿಗೂದು ಬಾಂವಿ ಕಟ್ಟಿ ಮ್ಯಾಲಷ್ಟ. ಈಗ ಎಲ್ಲಾ ಫೋನಿನ್ಯಾಗ ಅಲ್ಲೇನ್ರಿ? ಬಸುರಿ ಹೆಂಗಸರಿಗೆ, ಬಾಣಂತಿಯರಿಗೆ ಸರ್ಕಾರದ ಹಿಟ್ಟಿನ ಪಾಕೀಟು ಬರ್ತೈತಲ್ಲ, ಮೊದಲ ಅದನ್ನ ವಹಿಯೊಳಗ ಹೆಬ್ಬಟ್ಟು ಒತ್ತಿಸಿ ಕೊಡ್ತಿದ್ರು. ಈಗ ಆ ಹೆಂಗಸಿನ ಮುಖದ ಮುಂದ ಫೋನ್ ಹಿಡೀಬೇಕು. ಫೋನಿನ ಮ್ಯಾಲ ಒಂದು ಕೆಂಪು ಸುತ್ತು ಬರ್ತೈತಿ. ಮುಖ ಅದರೊಳಗ ಕುಂದರಬೇಕು. "ಕಣ್ಣು ಮುಚ್ಚಿ ತೆರೆಯಿರಿ" ಅಂತ ಫೋನ್ ಹೇಳ್ತೈತಿ. ಯಾರರೆ ಬರೇ ಫೋಟೊ ಹಿಡದು ಮೋಸ ಮಾಡಬಾರದು, ಮುಂದಿನ ಮನಷ್ಯಾ ಜೀವಂತ ಇರಬೇಕು, ಅದಕ್ಕ. ಎಲ್ಲೋ ದೂರದಾಗಿನ ಯಂತ್ರ ಆ ಮುಖಾನ ಆಧಾರ್ ಕಾರ್ಡಿನ ಫೋಟೊಕ್ಕ ಹಚ್ಚಿ ನೋಡ್ತೈತಿ. ಹೊಂದಿದ್ರ ಸುತ್ತು ಹಸಿರಾಗಿ "ಟಿಣ್" ಅಂತೈತಿ. ಆಗ ಪಾಕೀಟು ಕೊಡೂದು. ಹೊಂದಲಿಲ್ಲಂದ್ರ ಇಲ್ಲ.

ಪೂನಮಂದು ಹೊಂದಲಿಲ್ಲ.

ಪೂನಮ ಅದ ವಾಡಿಯ ಭರಮವ್ವನ ಸೊಸಿ. ತವರು ಖಾನಾಪುರ. ಮನಿಮಾತು ಮರಾಠಿ, ಲಗ್ನ ಆಗಿ ಬಂದ ಮ್ಯಾಲ ಕನ್ನಡ ಕಲತಾಕಿ. ಗಂಡ ಬೆಳಗಾವಿಯಾಗ ಫೌಂಡ್ರಿ ಕೆಲಸಕ್ಕಿದ್ದ, ವಾರಕ್ಕೊಮ್ಮಿ ಬರಾಂವ. ಚೊಚ್ಚಲ ಬಸುರು. ಏನ ತಿಂದ್ರೂ ಹೊಟ್ಟ್ಯಾಗ ನಿಲ್ಲವಲ್ದು. ಐದನೇ ತಿಂಗಳ ಆಗೂದ್ರಾಗ ಗಲ್ಲ ಒಳಗ ಹೋಗಿ, ಕಣ್ಣು ಹೊರಗ ಬಂದು, ಹುಡುಗಿ ಗುರುತು ಸಿಗಲಾರದಂಗ ಆದ್ಲು. ಕಾರ್ಡಿನ ಫೋಟೊ ನೋಡಿದ್ರ ಸಾಲಿಗೆ ಹೋಗೂವಾಗ ತಗಸಿದ್ದು... ದುಂಡು ಮುಖ, ತುಂಬಿದ ಗಲ್ಲ.

"ಝಾಲಂ ಕಾ, ಅಕ್ಕೋರ?" ಅಂದ್ಲು ಆಕಿ ಮೊದಲನೇ ಸಲ. ಆತೇನ್ರಿ ಅಂತ. ಗಾಬರಿ ಆದ್ರ ಮರಾಠಿ ಬಾಯಿಗೆ ಬರ್ತಿತ್ತು.

"ಇಲ್ಲವಾ. ಅಲುಗಾಡಬ್ಯಾಡ. ಇನ್ನೊಮ್ಮಿ ನೋಡೂಣು."

ಕೆಂಪು. ಪ್ರಮಿಳಾ ಆಕಿನ್ನ ಗ್ವಾಡಿಗೆ ನಿಲ್ಲಿಸಿದ್ಲು, ಬಿಸಲಿಗೆ ನಿಲ್ಲಿಸಿದ್ಲು, ತಲಿ ಮ್ಯಾಲಿನ ಸೆರಗು ಸರಿಸಿದ್ಲು. ಕೆಂಪು. ಮತ್ತ ಕೆಂಪು.

"ಅಕ್ಕೋರ... ನಾನ ಅದೀನಲ್ರೀ? ನೀವು ನನ್ನ ನೋಡಾಕತ್ತೀರಲ್ರೀ?"

ಪ್ರಮಿಳಾ ಫೋನ್ ಕೆಳಗಿಳಿಸಿದ್ಲು. ಪಾಕೀಟಿನ ಚೀಲ ಬಾಜೂಕ ಇತ್ತು. ಕೈ ಚಾಚಿದ್ರ ಸಿಗ್ತಿತ್ತು. ಕೊಡಬಹುದಿತ್ತು... ಆದ್ರ ಹಿಂದಿನ ವರ್ಷ ಬಾಜು ಊರಿನ ಅಂಗನವಾಡಿಯಾಕಿ ಒಬ್ಬಾಕಿ ಹಿಂಗ ಕೊಟ್ಟು, ಫೋನಿನ ಲೆಕ್ಕ ಕೂಡದ ನೋಟಿಸ್ ತಗೊಂಡಿದ್ಲು. ಅದು ಕಣ್ಣಮುಂದ ಬಂತು.

"ಖಾನಾಪುರಕ್ಕ ಹೋಗಿ ಕಾರ್ಡಿನ ಫೋಟೊ ಬದಲಿ ಮಾಡಿಸ್ಕೊಂಡ ಬಾರವಾ. ಮುಂದಿನ ತಿಂಗಳ ಎರಡೂ ಕೂಡಿಸಿ ಕೊಡ್ತೀನಿ."

ಪೂನಮ ಹೋದ್ಲು. ಬಸ್ಸಿನ ಖಿಡಕಿಯಾಗ ತಲಿ ಹಾಕಿ ವಾಂತಿ ಮಾಡ್ಕೊಂತ ಹೋದ್ಲು. ಒಮ್ಮಿ ಹೋದ್ರ ಸರ್ವರ್ ಇಲ್ಲ ಅಂದ್ರು. ಇನ್ನೊಮ್ಮಿ ಹೋದ್ರ ಪಾಳೆ ಬರೂದ್ರಾಗ ಬಾಗಲಾ ಹಾಕಿದ್ರು. ಮುಂದಿನ ತಿಂಗಳೂ ಕೆಂಪು ಬಂತು. ಅದರ ಮುಂದಿನ ತಿಂಗಳೂ. ಮೂರನೇ ಸಲ ಕೆಂಪು ಕಂಡ ಕೂಡಲೆ ಆಕಿ ತಿರುಗಿದ್ಲು. ಖಾಲಿ ಚೀಲ ಮಡಚಿ ಬಗಲಾಗ ಇಟ್ಕೊಂಡು, ನಿಧಾನ ಹೊಸ್ತಲಾ ದಾಟಿ ಹೋದ್ಲು.

ಎಂಟನೇ ತಿಂಗಳಿನ್ಯಾಗ ಹೊತ್ತಲ್ಲದ ಹೊತ್ತಿನ್ಯಾಗ ಬ್ಯಾನಿ ಸುರು ಆತು. ಬೆಳಗಾವಿ ದವಾಖಾನಿಗೆ ಒಯ್ದ್ರು. ಮೈಯಾಗ ರಕ್ತನ ಇಲ್ಲ ಅಂದ್ರು. ಕೂಸು ಉಳೀತು. ಹೆಣ್ಣು. ಪೂನಮ ಉಳೀಲಿಲ್ಲ.

ಮೂರು ಪಾಕೀಟು ಹಿಟ್ಟಿಲೆ ಒಂದು ಜೀವ ಉಳೀತಿತ್ತೇನು? ಪ್ರಮಿಳಾ ನೂರು ಸಲ ತನ್ನ ತಾನ ಕೇಳ್ಕೊಂಡ್ಲು. ಅಷ್ಟಕ್ಕೆಲ್ಲಾ ಏನಾಗ್ತಿತ್ತು ಬಿಡ ಅಂತ ಗಂಡ ಹೇಳಿದ, ಓಣಿಯವರು ಹೇಳಿದ್ರು. ಆದ್ರ ಉಣ್ಣಾಕ ಕುಂತಾಕಿ ತಾಟು ಸರಿಸಿ ಎದ್ದು ಹೋಗ್ತಿದ್ಲು.

ಪೂನಮ ಸತ್ತು ಇಪ್ಪತ್ತೆರಡು ದಿನ ಆಗಿತ್ತು. ಆ ರಾತ್ರಿ ಪ್ರಮಿಳಾ ಬಾಂವಿ ಕಟ್ಟಿ ಮ್ಯಾಲ ಕುಂತು, ತಿಂಗಳಿನ ಹೆಸರೆಲ್ಲಾ ಒಂದೊಂದಾಗಿ ಮ್ಯಾಲಿನ ಆಫೀಸಿಗೆ ಕಳಿಸಿದ್ಲು. ಹನ್ನೆರಡು ಬಡಿಯೂದ್ರಾಗ ಎಲ್ಲಾ ಹೋಗಬೇಕು. ಕಡೀಕ ಉಳಿದಿದ್ದು ಒಂದ ಹೆಸರು. ಅದರ ಮುಂದ "ಮರಣ" ಅಂತ ಒತ್ತಿದ್ರ ಮುಗೀತು. ಬಟ್ಟು ಏಳವಲ್ದು...

ಎಷ್ಟೋ ಹೊತ್ತು ಹಂಗ ಕುಂತ್ಲು. ಗಾಳಿ ಇರಲಿಲ್ಲ. ಹುಲ್ಲಿನ್ಯಾಗ ಹುಳ ಚಿರ್... ಚಿರ್... ಅನ್ನಾಕತ್ತಿದ್ವು. ಬಾಂವಿಯೊಳಗ ಎಲ್ಲೋ ಕಲ್ಲಿನ ಸಂದಿಂದ ಹನಿ ಬೀಳ್ತಿತ್ತು. ತೊಟ್... ತೊಟ್...

ಒತ್ತಿದ್ಲು.

ಮರಣದ ಪುಟ ತೆರೀಲಿಲ್ಲ. ಕ್ಯಾಮೆರಾ ತೆರೀತು.

ಕತ್ತಲಿ ನಡುವ ಆ ಕೆಂಪು ಸುತ್ತು. ತಪ್ಪಿ ಒತ್ತಿರಬೇಕು ಅಂತ ಹಿಂದಕ್ಕ ಹೋಗಾಕ ನೋಡಿದ್ಲು. ಹೋಗವಲ್ದು.

"ಕಣ್ಣು ಮುಚ್ಚಿ ತೆರೆಯಿರಿ."

ಹುಳದ ಸಪ್ಪಳ ನಿಂತಿತು. ಹನಿ ಸಪ್ಪಳಾನೂ ನಿಂತಿತು...

ಟಿಣ್.

ಸುತ್ತು ಹಸಿರಾತು.

ಫೋನ್ ಹಿಡದ ಕೈಯಿಂದ ಒಂದು ಮಾರು ಆಚೆ, ಬಾಂವಿ ಕಡಿಂದ, ಅಗದೀ ಸಣ್ಣ ದನಿ.

"ಝಾಲಂ ಕಾ?"

ಪ್ರಮಿಳಾ ತಲಿ ಎತ್ತಿ ನೋಡಿದ್ಲು. ಯಾರೂ ಇಲ್ಲ. ನೀರು ಸೇದೂ ಗಡಗಡಿ, ಕಲ್ಲು, ಕತ್ತಲಿ. ಓಡಿ ಹೋಗಬೇಕು ಅನಸಲಿಲ್ಲಂತ ಆಕಿಗೆ. ಅಂಜಿಕಿಗಿಂತ ಮೊದಲ ಅಳು ಬಂತಂತ. ಆದ್ರೂ ಹೇಳಿದ್ಲು.

"ಆತವಾ... ಆತು."

ಅಂಗನವಾಡಿ ಕೀಲಿ ತಗದು, ಒಂದು ಪಾಕೀಟು ಎದಿಗವಚಿಕೊಂಡು ಸೀದಾ ಭರಮವ್ವನ ಮನಿಗೆ ಹೋದ್ಲು. ಭರಮವ್ವ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಚಮಚಾದಿಂದ ಹಾಲು ಕುಡಸಾಕತ್ತಿದ್ಲು.

"ಇಷ್ಟೊತ್ತಿಗೆ ಯಾಕ್ರೀ ಅಕ್ಕೋರ? ಏನಾತು?"

"ಪೂನಮನ ಹೆಸರಿಗೆ ಬಂದೈತಿ. ಇಸ್ಕೋ, ಭರಮವ್ವಾ."

ಭರಮವ್ವ ಆಕಿ ಮುಖಾ ನೋಡಿದ್ಲು. ಪಾಕೀಟು ನೋಡಿದ್ಲು. ಇಸ್ಕೊಂಡು ತೊಟ್ಟಿಲ ಬಾಜೂಕ ಇಟ್ಲು.

ಮುಂದಿನ ತಿಂಗಳ ಕಡೀ ದಿನ ಪ್ರಮಿಳಾ ಬೇಕಂತನ ಹೋದ್ಲು. ಗಂಡಗ ಹೇಳಲಿಲ್ಲ. ಅದ ಕಟ್ಟಿ ಮ್ಯಾಲ ಕುಂತು, ಆ ಹೆಸರು ಒತ್ತಿ, ಫೋನ್ ಕತ್ತಲಿಗೆ ಹಿಡದ್ಲು. ಭಾಳ ಹೊತ್ತು ಹಿಡೀಬೇಕಾಗಲಿಲ್ಲ. ಟಿಣ್. ಈ ಸಲ ದನಿ ಕೇಳಲಿಲ್ಲ. ಉಸಿರು ಹೊರಗ ಬಿಟ್ಟಂಗ ಒಂದು ಸಪ್ಪಳ... ಹೂಶ್ಶ್... ಅಷ್ಟ. ಆ ತಿಂಗಳದ ಪಾಕೀಟೂ ಭರಮವ್ವನ ಮನಿ ಮುಟ್ಟಿತು.

ಅದಾಗಿ ಹತ್ತು ದಿನಕ್ಕ ಬೆಳಗಾವಿಯಾಗ ಅಂಗನವಾಡಿಯವರ ಮೀಟಿಂಗ್ ಇತ್ತು. ಗ್ವಾಡಿ ಮ್ಯಾಲ ದೊಡ್ಡ ನಕಾಶಾ ಬಿಟ್ಟು ತೋರಿಸಿದ್ರು. ಯಾವ ಊರು ಹಸಿರು, ಯಾವ ಊರು ಕೆಂಪು ಅಂತ. ಇನ್ನ ಮ್ಯಾಲ ಯಾವ ಮನಿಯಾಗ ಯಾರು ಸೊರಗಾಕತ್ತಾರ ಅನ್ನೂದನ್ನ ಯಂತ್ರನ ಮುಂಚೇಕ ಹೇಳ್ತೈತಿ ಅಂದ್ರು. ಪ್ರಮಿಳಾನ ವಾಡಿ ಹಸಿರಿತ್ತು. ನೂರಕ್ಕ ನೂರು. ಹೆಸರು ಕರದು ಎದ್ದು ನಿಲ್ಲಿಸಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಆಕಿ ತಲಿ ತಗ್ಗಿಸಿ ನಿಂತ್ಲು.

ತಡೀಲಾರದ ಅವತ್ತ ಬೆಳಗಾವಿಯೊಳಗಿನ ಸದಾಶಿವನಗರಕ್ಕ ಹೋದ್ಲು. ಆ ಮಾಹಿತಿ ಎಲ್ಲಾ ನೋಡ್ಕೊಳ್ಳೂ ಕಂಪನಿ ಆಫೀಸು ಅಲ್ಲೆ ಇತ್ತು. ಗೌರವ ಅನ್ನಾಂವ ಕಂಪ್ಯೂಟರ್ ಮುಂದ ಕುಂತಿದ್ದ. ನಲವತ್ತರ ಮನಷ್ಯಾ, ತಾಳ್ಮಿಯಿಂದ ಕೇಳಿ ಪೂನಮನ ಹೆಸರು ಹುಡಿಕಿದ.

"ಎರಡೂ ತಿಂಗಳ ಮುಖ ಹೊಂದೈತಲ್ರೀ ಮೇಡಂ. ನೂರಕ್ಕ ತೊಂಬತ್ತೆಂಟು. ತೊಂದರಿ ಏನೈತಿ?"

"ಆಕಿ ಸತ್ತಾಳ್ರೀ."

"ಯಾವಾಗ?"

ಪ್ರಮಿಳಾ ತಾರೀಖು ಹೇಳಿದ್ಲು. ಅಂವ ದನಿ ಇಳಿಸಿ ಕೇಳಿದ.

"ಯಾರರೆ ಹಳೇ ಫೋಟೊ ಹಿಡದಿದ್ರೇನ್ರೀ?"

"ಫೋನ್ ನನ್ನ ಕೈಯಾಗ ಇತ್ತು. ಅಲ್ಲೆ ನಾ ಒಬ್ಬಾಕಿನ ಇದ್ದೆ."

ಅಂವ ಏನೇನೋ ಒತ್ತಿ, ಆ ರಾತ್ರಿ ಫೋನ್ ಹಿಡದ ಫೋಟೊ ಹುಡಿಕಿದ. ಕಂಪ್ಯೂಟರ್ ಆಕಿ ಕಡಿ ತಿರುವಿದ.

"ಇವರ ಏನ್ರೀ?"

ಪೂನಮ. ಹಿಂದ ಬರೇ ಕತ್ತಲಿ. ಮುಖದ ಮ್ಯಾಲ ಎಲ್ಲಿಂದ ಬೆಳಕು ಬಿದ್ದಿತ್ತೋ ದೇವರಿಗೇ ಗೊತ್ತು. ಗಲ್ಲ ದುಂಡಗ, ಕಾರ್ಡಿನ ಫೋಟೊದಾಗ ಇದ್ದಂಗ. ಪ್ರಮಿಳಾ ಬಗ್ಗಿ ನೆಟ್ಟಗ ನೋಡಿದ್ಲು... ಆಕಿ ತುಟಿ ಬಿಗಿ ಹಿಡದಿದ್ಲು. ಬಾಯಿ ತುಂಬ ಗಾಳಿ ತಗೊಂಡು ಗಲ್ಲ ಉಬ್ಬಿಸಿದ್ಲು. ಕುತಗಿ ನರ ಎದ್ದು ಕಾಣ್ತಿದ್ವು. ಕಣ್ಣು ಅರ್ಧ ಮುಚ್ಚಿದ್ವು.

ಗೌರವಗ ಏನೂ ಗೊತ್ತಿರಲಿಲ್ಲ. ಆದ್ರೂ ಅಂವಾ ಕಣ್ಣು ತಗದು ಖಿಡಕಿ ಕಡಿ ನೋಡಿದ.

"ಹೆಸರು ತಗದ ಬಿಡ್ತೀನ್ರೀ ಮೇಡಂ. ಸತ್ತವರ ಹೆಸರಿಗೆ ಕೊಟ್ಟೀರಿ ಅಂದ್ರ ನಿಮ್ಮ ಕೆಲಸ ಹೋಗ್ತೈತಿ."

"ಬ್ಯಾಡ್ರೀ... ಬಾಣಂತಿಗೆ ಆರು ತಿಂಗಳ ಕೊಡೂದೈತಿ. ಅಲ್ಲೀತನಾ ಇರಲಿ."

"ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನ್ರೀ."

ಟಕ್ ಅಂತ ಒತ್ತಿದ. ಹೆಸರು ಹೋತು.

ಊರಿಗೆ ಬಂದಾಕಿ ಮನಿಗೆ ಹೋಗಲಿಲ್ಲ. ಭರಮವ್ವನ ಮುಂದ ಕುಂತು ಎಲ್ಲಾ ಹೇಳಿದ್ಲು. ಮೂರು ತಿಂಗಳ ಖಾಲಿ ಕಳಿಸಿದ್ದು, ಬಾಂವಿದು, ಫೋಟೊದ್ದು. ಬೈಲಿ, ಹೊಡೀಲಿ ಅಂತನ ಹೋಗಿದ್ಲು. ಭರಮವ್ವ ಕೂಸಿನ್ನ ತಟ್ಟಿಕೊಂತ ಕೇಳಿದ್ಲು. ಫೋಟೊದ ಮಾತು ಬಂದಾಗಷ್ಟ ಕೂಸಿನ ಮ್ಯಾಲಿನ ಕೈ ನಿಂತಿತು.

"ಗಲ್ಲ ಉಬ್ಬಿಸಿದ್ಲಾ?"

"ಹೂಂ."

ಭರಮವ್ವ ಸೆರಗಿಲೆ ಬಾಯಿ ಮುಚ್ಕೊಂಡ್ಲು. ಆಮ್ಯಾಲ ಸೆರಗು ಸರಿಸಿ ಹೇಳಿದ್ಲು.

"ರಾತ್ರಿ ಎದ್ದು ಕನ್ನಡಿ ಮುಂದ ಕುಂದರ್ತಿದ್ಲ್ರೀ ಅಕ್ಕೋರ. ಗಲ್ಲ ಉಬ್ಬಿಸೂದು, ಕಣ್ಣ ಮುಚ್ಚಿ ತೆರಿಯೂದು. ಹಿಂಗ ಮಾಡಿದ್ರ ಫೋನಿಗೆ ನನ್ನ ಗುರ್ತ ಸಿಗತೈತಿ ಅತ್ತಿ ಅನ್ನಾಕಿ. ನಾ ಬೈದೆ. ಹುಚ್ಚಿ, ನಿದ್ದಿಗೆಟ್ಟು ಏನ್ ಮಾಡ್ತಿ, ಮಕ್ಕೋ ಅಂತ ಬೈದೆ... ನಾನೂ ಬೈದೆನಲ್ರೀ ಅಕ್ಕೋರ..."

ಇಬ್ಬರೂ ಹೆಂಗಸರು ಕೂಸಿನ್ನ ನಡುವ ಮಲಗಿಸ್ಕೊಂಡು ಅತ್ರಂತ.

ಆ ತಿಂಗಳ ಕಡೀ ದಿನಾನೂ ಪ್ರಮಿಳಾ ಬಾಂವಿಗೆ ಹೋದ್ಲು. ಪಟ್ಟಿಯೊಳಗ ಪೂನಮ ಇರಲಿಲ್ಲ. ಇದ್ದ ಇಪ್ಪತ್ತೇಳು ಹೆಸರಷ್ಟ ಕಳಿಸಿದ್ಲು. ಕಳಿಸಿ ಕುಂತ್ಲು. ಮೆಲ್ಲಕ ಕರದ್ಲು, "ಪೂನಮ..." ಹುಳ ಕೂಗೂದು ನಿಲ್ಲಲಿಲ್ಲ. ಇನ್ನೊಮ್ಮಿ ಕರದ್ಲು. ಥಂಡಿ ಹತ್ತಿದ ಮ್ಯಾಲ ಎದ್ದು ಮನಿಗೆ ಬಂದ್ಲು. ಆಕಿನ್ನ ಮತ್ತ ಖಾಲಿ ಕೈಲೆ ಕಳಿಸಿದೆ ಅಂತ ಬೆಳತನಕ ಮಕ್ಕೊಳ್ಳಲಿಲ್ಲ.

ಮುಂಜಾನಿ ಫೋನಿಗೆ ತಿಂಗಳ ಲೆಕ್ಕದ ಮೆಸೇಜ್ ಬಂತು. ಪ್ರತಿ ತಿಂಗಳೂ ಬರೂದ, ಯಂತ್ರ ತಾನ ಕಳಿಸೂದು. ಪ್ರಮಿಳಾ ಅದನ್ನ ಇನ್ನೂ ಅಳಿಸಿಲ್ಲ. ನಮ್ಮ ಮನಿ ಪಡಸಾಲ್ಯಾಗ ಕುಂತು ನನಗ ತೋರಿಸ್ಯಾಳ. ಚಾಳೀಸು ಹಾಕ್ಕೊಂಡು, ದೀಪದ ಬುಡಕ ಹಿಡದು, ಎರಡೆರಡು ಸಲ ಓದೀನ್ರಿ ನಾ. ಖರೇ.

ಕೇಂದ್ರದ ಒಟ್ಟು ಫಲಾನುಭವಿಗಳು: 27. ಮುಖ ಹೊಂದಿದವರು: 28.