ಹೊಸ ಬ್ಯಾಟರಿಗೂ ಏರದ ಚಾರ್ಜ್

ಕಾಪು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಉಡುಪಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ. ಸೊಸೆಯ ಮಡಿಲಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಇ-ರೀಡರ್. ಅದರ ಪರದೆ ಮೂಲೆಯಿಂದ ಮೂಲೆಗೆ ಒಡೆದಿತ್ತು.

“ನೀನೇ ಬಿಚ್ಚಬೇಕಿತ್ತಾ ಹರಿಪ್ರಿಯಾ?”

“ಮತ್ತೆ ಎಂತ ಮಾಡುವುದು ಅತ್ತೆ? ಚಾರ್ಜೇ ಆಗುವುದಿಲ್ಲ. ಕೇಬಲ್ ಬದಲಿಸಿದೆ, ಪಿನ್ ಹಾಕುವಲ್ಲಿನ ಧೂಳು ತೆಗೆದೆ. ಬ್ಯಾಟರಿ ತರಿಸಿ ಹಾಕಿದೆ. ಆಗಲೂ ಅಷ್ಟೇ. ಪುನಃ ಬಿಚ್ಚುವಾಗ ಗ್ಲಾಸೇ ಹೋಯಿತು.”

“ಹೊಸ ಬ್ಯಾಟರಿಯೂ ಹಾಳಾ?”

“ಅದಕ್ಕೇ ತಲೆ ಕೆಟ್ಟುಹೋಗಿದೆ. ರಾತ್ರಿ ಹಾಲ್‌ನ ಪ್ಲಗ್ಗಿಗೆ ಹಾಕುವಾಗ ಲೈಟ್ ಉಂಟು. ಬೆಳಿಗ್ಗೆ ಏಳುವಾಗಲೂ ಲೈಟ್ ಉಂಟು. ಚಾರ್ಜ್ ಮಾತ್ರ ಐದೇ ಪರ್ಸೆಂಟ್! ನನ್ನ ಪಿಎಚ್‌ಡಿ ನೋಟ್ಸ್ ಪೂರಾ ಇದರೊಳಗೆ. ಸೋಮವಾರ ಮಣಿಪಾಲದಲ್ಲಿ ಗೈಡಿಗೆ ಎಂತ ತೋರಿಸುವುದು?”

ಅತ್ತೆ ಸೊಸೆಯ ಕಡೆ ತಿರುಗಿದರು.

“ಹಾಲ್‌ನ ಪ್ಲಗ್ಗಾ?”

“ಹೌದು. ಯಾಕೆ?”

“ಅದನ್ನು ನಾನು ಮಲಗುವ ಮೊದಲು ತೆಗೆಯುತ್ತೇನಲ್ವಾ. ಸಿಡಿಲಿಗೆ ಟಿವಿ ಸುಟ್ಟುಹೋದ ಮೇಲೆ ಎಲ್ಲ ಪ್ಲಗ್ ತೆಗೆದೇ ಮಲಗುವುದು. ಬೆಳಿಗ್ಗೆ ನೀನು ಏಳುವ ಮೊದಲು ಪುನಃ ಹಾಕಿಡುತ್ತೇನೆ.”

“ದಿನಾ?”

“ದಿನಾ.”

“ಒಂದು ತುಂಡು ಮೋಡ ಇಲ್ಲದ ಫೆಬ್ರವರಿಯಲ್ಲಿ?”

“ಸಿಡಿಲು ಹೇಳಿ ಬರುತ್ತದಾ ಮಾರಾಯ್ತಿ?”

ಬಸ್ ಬಂತು. ಅತ್ತೆ ಮುಂದಿನ ಬಾಗಿಲಿನಿಂದ ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಚೀಲ ಇಟ್ಟು ಸೊಸೆಯನ್ನು ಕರೆದರು. ಸೊಸೆ ಹಿಂದಿನ ಬಾಗಿಲಿನಿಂದ ಹತ್ತಿ, ನಿಂತೇ ಹೋದಳು.